ಬಸ್ಸು 9, ಕೋಣೆ 114

ಆಗಸ್ಟ್ 20, ಸೋಮವಾರ. ಬೆಳಗ್ಗೆ 4:20

ಎಚ್ಚರವಾಯಿತು. ಅಲಾರಂ ಇಟ್ಟಿರಲಿಲ್ಲ. ಹತ್ತೊಂಬತ್ತು ವರ್ಷ ಇದೇ ಹೊತ್ತಿಗೆ ಎದ್ದು, ಒಂಬತ್ತನೇ ನಂಬರಿನ ಸ್ಕೂಲ್ ಬಸ್ಸಿನ ಟೈರು ಒದ್ದು ನೋಡಿ, ದೀಪ ಹಾಕಿ ನೋಡಿ, ಎಂಜಿನ್ ಬಿಸಿ ಮಾಡಿದ ಮೈ ಇದು. ಇನ್ನು ಬೇಡ ಎಂದರೆ ಕೇಳುತ್ತದೆಯೇ? ಕಾಫಿ ಆಯಿತು. ಟಾರ್ಟಿಯಾ ರೊಟ್ಟಿ ಸುಟ್ಟಾಯಿತು. ಬಟ್ಟೆ ಎರಡೆರಡು ಸಲ ಇಸ್ತ್ರಿ ಆಯಿತು. ಇನ್ನೂ ಐದು ಗಂಟೆಯಾಗಿಲ್ಲ. ಅದಕ್ಕೇ ಈ ನೋಟ್‌ಬುಕ್.

ಇವತ್ತಿನಿಂದ ಕೋಣೆ 114. ಆರನೇ ಕ್ಲಾಸು, ಗಣಿತ. ನಾನು ಟೀಚರ್.

ಪೂರ್ತಿ ಅಲ್ಲ. ಡಿಗ್ರಿ ಇದೆ. ಬೆಳಗಿನ ಟ್ರಿಪ್‌ಗೂ ಸಂಜೆಯ ಟ್ರಿಪ್‌ಗೂ ನಡುವೆ, ನಿಲ್ಲಿಸಿದ ಬಸ್ಸಿನಲ್ಲಿ ಕೂತು, ಒಂಬತ್ತು ವರ್ಷ ಓದಿ ತೆಗೆದುಕೊಂಡ ಡಿಗ್ರಿ. ಆದರೆ ಟೀಚರ್ ಕಾಲೇಜಿಗೆ ಹೋದವಳಲ್ಲ. ಆದ್ದರಿಂದ ಬದಲಿ ದಾರಿಯ ಕೋರ್ಸು. ಟೆಕ್ಸಸ್ ರಾಜ್ಯ ಒಂದು ವರ್ಷದ ಮಟ್ಟಿಗೆ ‘ಇಂಟರ್ನ್’ ಅಂತ ಸರ್ಟಿಫಿಕೇಟ್ ಕೊಟ್ಟಿದೆ. ಪಾಠ ಮಾಡುತ್ತಾ ಕಲಿ, ಕಲಿಯುತ್ತಾ ಪಾಠ ಮಾಡು. ಫ್ರಿಜ್ ಮೇಲೆ ಪಟ್ಟಿ ಅಂಟಿಸಿದ್ದೇನೆ. ಗಣಿತದ ಪರೀಕ್ಷೆ — ಪಾಸು. ಬೇರೆಯವರ ಕ್ಲಾಸಿನಲ್ಲಿ ಕೂತು ನೋಡುವುದು ಮೂವತ್ತು ಗಂಟೆ — ಮುಗಿಯಿತು. ಇನ್ನು ಉಳಿದದ್ದು: ವರ್ಷಪೂರ್ತಿ ಒಬ್ಬ ಮೆಂಟರ್ ಟೀಚರ್ ಕೈಕೆಳಗೆ ಕೆಲಸ. ಕೋರ್ಸಿನ ಸೂಪರ್‌ವೈಸರ್ ಐದು ಸಲ ಬಂದು ನೋಡುತ್ತಾರೆ. ಪಾಠ ಮಾಡುವ ವಿಧಾನದ ಪರೀಕ್ಷೆ. ಕೊನೆಗೆ ಪ್ರಿನ್ಸಿಪಾಲರ ಶಿಫಾರಸು. ಎಲ್ಲ ಜೂನ್ 30ರ ಒಳಗೆ. ಇಲ್ಲದಿದ್ದರೆ ಮತ್ತೆ ಬಸ್ಸು.

ಅಮ್ಮ ಎದ್ದಳು. ಎಪ್ಪತ್ತಾರು ವರ್ಷ, ಅವಳಿಗೂ ನಿದ್ದೆ ಇಲ್ಲ. ಕೆಲಸ ಸಿಕ್ಕಿತಾ ಇಲ್ಲವಾ, ಒಂದು ಮಾತಲ್ಲಿ ಹೇಳು ಅಂದಳು. ಅರ್ಧ ಸಿಕ್ಕಿದೆ ಅಂದೆ. ಅರ್ಧ ಬಸುರಿ ಅಂತ ಯಾರಾದರೂ ಇರುತ್ತಾರೆಯೇ ಎಂದು ನಕ್ಕಳು.

ಆಗಸ್ಟ್ 23, ಗುರುವಾರ. ಬೆಳಗ್ಗೆ 4:35

ಮೆಂಟರ್ ಯಾರು ಅಂದರೆ — ಡೆಲ್ಫಿನಾ! ಇಪ್ಪತ್ತೆಂಟರ ಹುಡುಗಿ. ನಾಲ್ಕನೇ ಕ್ಲಾಸಿನಿಂದ ಹೈಸ್ಕೂಲು ಮುಗಿಯುವ ತನಕ ನನ್ನ ಬಸ್ಸಿನಲ್ಲೇ ಬಂದವಳು. ಮೊದಲನೇ ವಾರ ನನ್ನ ಶೂ ಮೇಲೆ ವಾಂತಿ ಮಾಡಿದ್ದಳು. ಈಗ ಅವಳು ಪಕ್ಕದಲ್ಲಿ ಕೂತು ಹಾಜರಿ ಹಾಕುವುದು ಹೇಗೆ, ಪಾಠದ ಯೋಜನೆ ಬರೆಯುವುದು ಹೇಗೆ ಎಂದು ನನಗೆ ಹೇಳಿಕೊಡುತ್ತಾಳೆ. ಕಾಲಕ್ಕೆ ತಕ್ಕಂತೆ ಕೋಲ ಕಟ್ಟಬೇಕು, ಏನು ಮಾಡುವುದು. ಅವಳು ನನ್ನನ್ನು ‘ಮಿಸ್’ ಅನ್ನುತ್ತಾಳೆ, ನಾನು ಅವಳನ್ನು ‘ಮಿಸ್’ ಅನ್ನುತ್ತೇನೆ. ಮಕ್ಕಳಿಗೆ ನಗುವೋ ನಗು.

ಸೆಪ್ಟೆಂಬರ್ 5, ಬುಧವಾರ. ಬೆಳಗ್ಗೆ

ನನ್ನ ಕ್ಲಾಸಿನಷ್ಟು ನಿಶ್ಶಬ್ದವಾದ ಕ್ಲಾಸು ಈ ಸ್ಕೂಲಿನಲ್ಲಿ ಇನ್ನೊಂದಿಲ್ಲ. ಜಂಬ ಅಲ್ಲ, ನಿನ್ನೆ ಪ್ರಿನ್ಸಿಪಾಲರೇ ಬಾಗಿಲಲ್ಲಿ ಇಣುಕಿ ಹುಬ್ಬೇರಿಸಿ ಹೋದರು. ಇಪ್ಪತ್ತನಾಲ್ಕು ಮಕ್ಕಳು. ತಂಟೆಕೋರರು ಮುಂದೆ, ಕೈಗೆ ಸಿಗುವ ಹಾಗೆ. ಸಾಧುಗಳು ಹಿಂದೆ. ಬೋರ್ಡಿನ ಮೇಲೊಂದು ಉಬ್ಬುಗನ್ನಡಿ ಕಟ್ಟಿದ್ದೇನೆ, ಬರೆಯುತ್ತಲೇ ಎಲ್ಲರೂ ಕಾಣುತ್ತಾರೆ. ಬೇರೆ ಟೀಚರ್‌ಗಳಿಗೆ ಇದೆಲ್ಲ ಯಾಕೆ ಹೊಳೆದಿಲ್ಲವೋ.

ಸಾರಿಗೆ ವಿಭಾಗದ ಓಡೆಲ್ ಕ್ರೂಸ್ ಫೋನ್ ಮಾಡಿದ್ದರು. ಹತ್ತೊಂಬತ್ತು ವರ್ಷ ನನ್ನ ಸಾಹೇಬರಾಗಿದ್ದವರು. ನನ್ನ ಬಸ್ಸನ್ನು ಸದ್ಯಕ್ಕೆ ಎರ್ಮಾ ಓಡಿಸುತ್ತಿದ್ದಾಳಂತೆ, ತಾತ್ಕಾಲಿಕ. ನಿನ್ನ ಸೀಟು ಎಲ್ಲಿಗೂ ಹೋಗಿಲ್ಲ, ಯಾವಾಗ ಬೇಕಾದರೂ ಬಾ ಅಂದರು. ಬರುವುದಿಲ್ಲ ಅಂದೆ. ಆದರೂ ಕೇಳಿ ಸಮಾಧಾನವಾಯಿತು.

ಸೆಪ್ಟೆಂಬರ್ 27, ಗುರುವಾರ. ಸಂಜೆ 5

ಸೂಪರ್‌ವೈಸರ್ ಬಂದಿದ್ದರು. ಮಿಸೆಸ್ ಹ್ರುಸ್ಕಾ. ವಯಸ್ಸು ಎಪ್ಪತ್ತು, ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಕಾಲಿಗೆ ಓಡುವ ಶೂ. ಹಿಂದಿನ ಮೂಲೆಯಲ್ಲಿ ಕೂತು ನಲವತ್ತೈದು ನಿಮಿಷ ಏನೋ ಗೀಚುತ್ತಿದ್ದರು. ಒಂದು ಮಗುವೂ ಕಿಮಕ್ ಅನ್ನಲಿಲ್ಲ. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ.

ಕಾಗದ ತಿರುಗಿಸಿ ತೋರಿಸಿದರು. ನನ್ನ ಕ್ಲಾಸಿನ ನಕ್ಷೆ. ಒಂದೊಂದು ಡೆಸ್ಕಿಗೆ ಒಂದು ಚೌಕ. ನಾನು ಯಾರಿಗೆ ಪ್ರಶ್ನೆ ಕೇಳಿದೆನೋ ಆ ಚೌಕದಲ್ಲಿ ಒಂದು ಗೆರೆ. ಒಟ್ಟು ನಲವತ್ತಮೂರು ಗೆರೆ, ಎಲ್ಲ ಮುಂದಿನ ಹನ್ನೆರಡು ಚೌಕದಲ್ಲೇ. ಹಿಂದಿನ ಹನ್ನೆರಡೂ ಖಾಲಿ.

ಅವರು ಒಳ್ಳೆಯ ಮಕ್ಕಳು, ತಂಟೆ ಇಲ್ಲ ಅಂದೆ.

“ಇರಬಹುದು. ಅವರು ಇವತ್ತು ಏನು ಕಲಿತ್ರು?”

ಆ ಖಾಲಿ ಚೌಕಗಳನ್ನು ಮತ್ತೊಮ್ಮೆ ಎಣಿಸಿದೆ.

ಇನ್ನೊಂದು. ಗಡಿಯಾರ ಹಿಡಿದು ನೋಡಿದರಂತೆ. ಪ್ರಶ್ನೆ ಕೇಳಿ ನಾನು ಒಂದು ಸೆಕೆಂಡೂ ಕಾಯುವುದಿಲ್ಲವಂತೆ. ನಾನೇ ಕೇಳಿ ನಾನೇ ಹೇಳಿಬಿಡುತ್ತೇನಂತೆ. ಕನ್ನಡಿಯ ಬಗ್ಗೆ ಮಾತ್ರ ಏನೂ ಅನ್ನಲಿಲ್ಲ, ತುಟಿ ಬಿಗಿಹಿಡಿದು ನಕ್ಕರು.

ಮೈಯೆಲ್ಲ ಉರಿ. ಹತ್ತೊಂಬತ್ತು ವರ್ಷ ಒಂದು ಮಗುವಿನ ಮೂಗಿನಲ್ಲೂ ರಕ್ತ ಬಾರದ ಹಾಗೆ ಬಸ್ಸು ಓಡಿಸಿದವಳು ನಾನು. ನನಗೆ ಮಕ್ಕಳ ಪಾಠ ಹೇಳಲು ಬಂದರು.

ಸೆಪ್ಟೆಂಬರ್ 28, ಶುಕ್ರವಾರ. ಸಂಜೆ

ಊಟದ ಬಿಡುವಿನಲ್ಲಿ ಡೆಲ್ಫಿನಾ ಮುಂದೆ ಎಲ್ಲ ಕಕ್ಕಿದೆ. ಆ ಮುದುಕಿ ಹೀಗೆ, ಆ ನಕ್ಷೆ ಹಾಗೆ. ಅವಳು ಡಬ್ಬಿ ಬಿಸಿ ಮಾಡುತ್ತಿದ್ದವಳು ತಿರುಗಿ ನೋಡದೆಯೇ ಹೇಳಿದಳು.

“ಮಿಸ್, ಬೇಜಾರ್ ಮಾಡ್ಕೋಬೇಡಿ. ನಾಲ್ಕನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ಮನೆ ಬಿಟ್ಟು ಹೋದ್ರು. ಮೂರು ತಿಂಗಳು ನಾನು ಯಾರ ಹತ್ರಾನೂ ಮಾತಾಡ್ಲಿಲ್ಲ. ದಿನಾ ನಿಮ್ ಬಸ್ಸಲ್ಲೇ ಬರ್ತಿದ್ದೆ. ನೀವು ನಮ್ಮಮ್ಮನ ಹತ್ರ ಏನಂದ್ರಿ ಗೊತ್ತಾ? ನಿಮ್ ಮಗಳಷ್ಟು ಒಳ್ಳೆ ಮಗು ಬಸ್ಸಲ್ಲೇ ಇಲ್ಲ ಅಂತ.”

ಅಂದಿದ್ದೆ. ನೆನಪಿದೆ. ಆ ತಾಯಿಗೆ ಖುಷಿಯಾಗಲಿ ಅಂತ ಹೇಳಿದ್ದೆ.

ಬಸ್ಸಿನಲ್ಲಿ ಗಲಾಟೆ ಮಾಡುವವರ ಮೇಲೆ ಮಾತ್ರ ಕಣ್ಣು. ಸುಮ್ಮನಿರುವ ಮಗು ಅಂದರೆ ಚಿಂತೆ ಇಲ್ಲದ ಮಗು, ಇಳಿಯುವ ಸ್ಟಾಪು ಬರುವ ತನಕ ಅದರ ತಂಟೆಗೆ ಹೋಗಬೇಕಾಗಿಲ್ಲ. ನಮ್ಮ ಕೆಲಸದಲ್ಲಿ ಅದೇ ಜಾಣತನ. ಅದನ್ನೇ ಹೊತ್ತು ತಂದು ಈ ಕೋಣೆಯಲ್ಲಿ ಇಳಿಸಿದ್ದೇನೆ. ಸ್ಕೂಲು ಬಿಟ್ಟ ಮೇಲೆ ಸ್ಟೂಲು ಹತ್ತಿ ಕನ್ನಡಿ ಬಿಚ್ಚಿದೆ.

ಅಕ್ಟೋಬರ್ 3, ಬುಧವಾರ. ಸಂಜೆ

ಹಿಂದಿನ ಸಾಲಿನವರನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಿದ್ದೇನೆ. ಇವತ್ತು ಯಾರೆಟ್ಸಿ. ಕಿಟಕಿ ಬದಿಯ ಕೊನೆಯ ಡೆಸ್ಕು. ಅವಳ ನೋಟ್‌ಬುಕ್ಕು ಮುತ್ತು ಪೋಣಿಸಿದ ಹಾಗಿರುತ್ತದೆ. ನಾನೇ ನೂರಕ್ಕೆ ಎಂಬತ್ತೆಂಟು ಕೊಟ್ಟಿದ್ದೇನೆ.

ಮುಕ್ಕಾಲು ದೊಡ್ಡದೋ ಮೂರನೇ ಎರಡು ದೊಡ್ಡದೋ ಎಂದು ಕೇಳಿದೆ. ಪೆನ್ಸಿಲು ಕೆಳಗಿಟ್ಟಳು. ಹೋಗಲಿ, ಈ ಎರಡು ಅಂಕಿಯ ನಡುವೆ ಗೆರೆ ಇದೆಯಲ್ಲ, ಅದು ಏನು ಹೇಳುತ್ತದೆ ಅಂದೆ. ಬೆರಳಿನಿಂದ ಆ ಗೆರೆಯನ್ನು ಸವರಿದಳು.

“ಮೇಲಿನ ನಂಬರು ಕೆಳಗಿನ ನಂಬರಿಗೆ ತಾಗ್ದಿರ್ಲಿ ಅಂತ ಹಾಕ್ತಾರೆ ಅನ್ಕೊಂಡಿದ್ದೆ ಮಿಸ್.”

ಮೂರು ವರ್ಷದಿಂದ ಹಾಗೇ ಅಂದುಕೊಂಡಿದ್ದಾಳೆ. ಪಕ್ಕದವರದು ನೋಡಿ ಅಂದವಾಗಿ ಬರೆದಿದ್ದಾಳೆ. ಯಾವ ಟೀಚರೂ ಕೇಳಿಲ್ಲ, ಅವಳೂ ಹೇಳಿಲ್ಲ. ನನ್ನ ಎಂಬತ್ತೆಂಟು ನನ್ನ ಕೆನ್ನೆಗೇ ಹೊಡೆದ ಹಾಗಾಯಿತು.

ನಾಳೆಯಿಂದ ಊಟದ ಬಿಡುವು ಅವಳಿಗೆ. ಡೆಲ್ಫಿನಾ ಬಣ್ಣದ ಕಾಗದದ ಪಟ್ಟಿ ಕೊಟ್ಟಿದ್ದಾಳೆ, ಮಡಚಿ ಕತ್ತರಿಸಿ ಭಾಗ ಮಾಡಿ ತೋರಿಸಲು.

ಅಕ್ಟೋಬರ್ 19, ಶುಕ್ರವಾರ. ಸಂಜೆ 4

ಮರೆಯುವ ಮುಂಚೆ ಬರೆಯುತ್ತೇನೆ.

ಬೋರ್ಡಿನ ಮೇಲೆ ಅದೇ ಪ್ರಶ್ನೆ ಹಾಕಿದೆ. ಮುಕ್ಕಾಲೋ, ಮೂರನೇ ಎರಡೋ. ಮುಂದಿನ ಸಾಲು ಕಾಗೆ ಗೂಡಿಗೆ ಕಲ್ಲು ಬಿದ್ದ ಹಾಗೆ ಕಿರುಚಿತು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತು.

ರೈಲು ಗೇಟಿನ ಕೈ ಅದು. ಸ್ಕೂಲ್ ಬಸ್ಸು ಪ್ರತಿ ರೈಲು ಹಳಿಯ ಮುಂದೆ ನಿಲ್ಲಲೇಬೇಕು, ಕಾನೂನು. ಡ್ರೈವರ್ ಕೈ ಎತ್ತಬೇಕು, ಮಕ್ಕಳೆಲ್ಲ ಉಸಿರು ಬಿಗಿಹಿಡಿಯಬೇಕು, ಬಾಗಿಲು ತೆರೆದು ರೈಲು ಬರುತ್ತಿದೆಯೇ ಎಂದು ಕಿವಿಗೊಡಬೇಕು. ಈ ಊರಿನಲ್ಲಿ ಹುಟ್ಟಿದ ಯಾವ ಮಗುವಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ.

ಇಪ್ಪತ್ತನಾಲ್ಕೂ ಬಾಯಿ ಮುಚ್ಚಿದವು. ನಾನು ಹೋಗಿ ಬಾಗಿಲನ್ನೂ ತೆರೆದೆ, ಅಭ್ಯಾಸಬಲ. ಮನಸ್ಸಿನಲ್ಲೇ ಹತ್ತು ಎಣಿಸಿದೆ. ಹಳಿಯ ಮುಂದೆ ಎಣಿಸುವಷ್ಟೇ ನಿಧಾನಕ್ಕೆ. ಏಳಕ್ಕೋ ಎಂಟಕ್ಕೋ, ಕಿಟಕಿ ಬದಿಯಿಂದ ಒಂದು ಕೈ. ಪೂರ್ತಿ ಎತ್ತಲಿಲ್ಲ, ಕಿವಿಯವರೆಗೆ.

“ಮುಕ್ಕಾಲು ದೊಡ್ಡದು ಮಿಸ್.”

“ಯಾಕಮ್ಮ?”

“ಅದು ತುಂಬೋಕೆ ಇನ್ನು ಕಾಲು ಭಾಗ ಸಾಕು. ಇದಕ್ಕೆ ಮೂರರಲ್ಲೊಂದು ಭಾಗ ಬೇಕು. ಖಾಲಿ ಜಾಗ ಇದರಲ್ಲೇ ಜಾಸ್ತಿ.”

ನಾನು ಹೇಳಿಕೊಟ್ಟದ್ದಲ್ಲ ಅದು. ಕಾಗದ ಮಡಚುತ್ತಾ ಅವಳೇ ಕಂಡುಕೊಂಡದ್ದು. ಮುಂದಿನ ಸಾಲಿನ ಅಷ್ಟೂ ಬಾಯಾಳಿಗಳು ಹಿಂದೆ ತಿರುಗಿ ನೋಡಿದರು. ಬಿಡುವಿನಲ್ಲಿ ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ. ಹೆಮ್ಮೆಗೆ ಅತ್ತದ್ದು. ಬರೆದಿಡಲು ನಾಚಿಕೆ ಏನಿಲ್ಲ.

ನವೆಂಬರ್ 15, ಗುರುವಾರ. ಸಂಜೆ

ಹ್ರುಸ್ಕಾ ಎರಡನೇ ಸಲ ಬಂದರು. ನಕ್ಷೆಯ ತುಂಬ ಗೆರೆ, ಮೂಲೆಮೂಲೆಗೂ. ಆ ಕೈ ಎತ್ತುವುದು ಯಾವ ಪುಸ್ತಕದ್ದು ಎಂದು ಕೇಳಿದರು. ರೈಲು ಗೇಟು ಅಂದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಾಲೇಜಿನಲ್ಲಿ ಪ್ರಶ್ನೆ ಕೇಳಿ ಕಾಯುವುದನ್ನು ಕಲಿಸಲು ಒಂದು ಇಡೀ ಅಧ್ಯಾಯವಿದೆಯಂತೆ, ಆದರೂ ಮುಕ್ಕಾಲು ಜನಕ್ಕೆ ಬರುವುದಿಲ್ಲವಂತೆ. ಬೇರೆ ಇಂಟರ್ನ್‌ಗಳಿಗೂ ಹೇಳಿಕೊಡಲೇ ಎಂದು ನನ್ನ ಅಪ್ಪಣೆ ಕೇಳಿದರು.

ನನಗೆ ಕೋಡು ಮೂಡಿತು. ಬಾಗಿಲಲ್ಲಿ ಹಿಡಿಸುತ್ತೀರಾ ಮಿಸ್ ಎಂದು ಡೆಲ್ಫಿನಾ ರೇಗಿಸಿದಳು.

ಫೆಬ್ರವರಿ 9, ಶನಿವಾರ. ಮಧ್ಯಾಹ್ನ

ಸುಮಾರು ಮೂರು ತಿಂಗಳು ಏನೂ ಬರೆದಿಲ್ಲ. ಪುರುಸೊತ್ತೆಲ್ಲಿ? ಕ್ರಿಸ್‌ಮಸ್‌ಗೆ ತಮಾಲೆ ಕಡುಬು ಸುತ್ತುವಾಗಲೂ ಪಕ್ಕದಲ್ಲಿ ತಿದ್ದಬೇಕಾದ ಪೇಪರುಗಳು. ಮೂರನೇ ಭೇಟಿಯೂ ಆಯಿತು, ಚೆನ್ನಾಗಾಯಿತು.

ಈಗ ಶನಿವಾರ ಶನಿವಾರ ಡೆಲ್ಫಿನಾ ಮನೆಯಲ್ಲಿ ಪರೀಕ್ಷೆಗೆ ಓದು. ಪಾಠ ಮಾಡುವ ವಿಧಾನದ ಪರೀಕ್ಷೆ, ನೂರು ಪ್ರಶ್ನೆ. ಎಲ್ಲದರಲ್ಲೂ ಒಂದೇ ಪೀಡೆ: ‘ಟೀಚರ್ ಮೊದಲು ಏನು ಮಾಡಬೇಕು?’ ಮಗು ಹೋಮ್‌ವರ್ಕ್ ತರಲಿಲ್ಲ, ಮೊದಲು ಏನು ಮಾಡಬೇಕು? ಮನೆಗೆ ಫೋನ್ ಮಾಡಬೇಕು ಅಂದೆ. ತಪ್ಪು. ಇಬ್ಬರು ಜಗಳವಾಡಿದರು? ಬೇರೆ ಬೇರೆ ಕೂರಿಸಿ ವರದಿ ಬರೆಯಬೇಕು ಅಂದೆ. ತಪ್ಪು. ಬಸ್ಸಾಗಿದ್ದರೆ ಎರಡೂ ಸರಿ. ಡೆಲ್ಫಿನಾ ತಲೆ ಚಚ್ಚಿಕೊಂಡಳು. ಮಿಸ್, ಮೊದಲು ಮಗುವನ್ನ ಕೇಳಿ, ಆಮೇಲೆ ಬಾಕಿ ಎಲ್ಲ ಅಂದಳು.

ಮಾರ್ಚ್ 30, ಶನಿವಾರ. ಸಂಜೆ

ಬರೆದು ಬಂದೆ. ಐದು ಗಂಟೆ ಕಂಪ್ಯೂಟರ್ ಮುಂದೆ. ಸುಲಭವಿತ್ತು. ಅದೇ ಭಯ.

ಏಪ್ರಿಲ್ 5, ಶುಕ್ರವಾರ

237. ಬೇಕಾದದ್ದು 240.

ಏಪ್ರಿಲ್ 15, ಸೋಮವಾರ. ಸಂಜೆ 6

ಹತ್ತು ದಿನ ಪುಸ್ತಕ ಮುಟ್ಟಲಿಲ್ಲ, ಇದನ್ನೂ ಮುಟ್ಟಲಿಲ್ಲ. ಇನ್ನೊಂದು ಸಲ ಬರೆಯಬಹುದು, ಮೂವತ್ತು ದಿನ ಕಳೆದ ಮೇಲೆ. ಅದೂ ಹೋದರೆ ಜೂನ್ 30ಕ್ಕೆ ಎಲ್ಲ ಮುಗಿಯಿತು. ನಲವತ್ತೇಳು ವರ್ಷ ನನಗೆ. ಮೂರು ಅಂಕಕ್ಕೆ ಫೇಲಾದವಳು ಎಂದು ಟೀಚರ್‌ಗಳ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಮರ್ಯಾದೆಯಾಗಿ ನಾನೇ ಹೋಗಿಬಿಡುವುದು ಮೇಲು ಅನ್ನಿಸಿತು. ಇವತ್ತು ಸ್ಕೂಲು ಬಿಟ್ಟು ನೆಟ್ಟಗೆ ಬಸ್ಸುಗಳ ಅಂಗಳಕ್ಕೆ ಹೋದೆ. ಓಡೆಲ್ ಟೈರಿನ ರಾಶಿ ಪಕ್ಕ ನಿಂತಿದ್ದರು. ನನ್ನ ಬಸ್ಸು ಕೊಡಿ, ಮುಂದಿನ ವರ್ಷದಿಂದ ಬರುತ್ತೇನೆ ಅಂದೆ.

“ಇಲ್ಲ,” ಅಂದರು.

ಪ್ರತಿ ತಿಂಗಳೂ ಫೋನ್ ಮಾಡಿ ಇದೆ ಇದೆ ಅನ್ನುತ್ತಿದ್ದಿರಲ್ಲ ಅಂದೆ.

“ಎರ್ಮಾನ ಅಕ್ಟೋಬರ್‌ನಲ್ಲೇ ಪರ್ಮನೆಂಟ್ ಮಾಡ್ದೆ. ನನ್ ಮೊಮ್ಮಗಳು ನಿನ್ ಕ್ಲಾಸಲ್ಲಿದಾಳೆ, ಮುಂದಿನ ಸಾಲಿನ ಆ ಬಾಯ್ಬಡಕಿ. ಒಂದಿನ ಊಟದ ಹೊತ್ತಿಗೆ ಕೈ ಎತ್ತಿ ಮನೆಯವರನ್ನೆಲ್ಲ ಸುಮ್ನೆ ಕೂರಿಸಿ ನನಗೆ ಭಿನ್ನರಾಶಿ ಲೆಕ್ಕ ಕೇಳಿದ್ಲು. ನನಗೆ ಬರ್ಲಿಲ್ಲ. ಅವಳು ಉತ್ತರ ಹೇಳ್ಲೂ ಇಲ್ಲ, ಕಾದ್ಲು. ಅವತ್ತೇ ಗೊತ್ತಾಯ್ತು, ನೀನು ಇನ್ನು ಬಸ್ಸಿನವಳಲ್ಲ ಅಂತ.”

“ಮತ್ತೆ ಸುಳ್ಳು ಯಾಕೆ ಹೇಳಿದ್ರಿ?”

“ಬೆನ್ನ ಹಿಂದೆ ಬಸ್ಸಿದೆ ಅಂತಿದ್ರೆ ಹೆದರ್ದೆ ಪಾಠ ಮಾಡ್ತೀಯ ಅಂತ. ಈಗ ಇಲ್ಲ ಅಂತ ಗೊತ್ತಾಯ್ತಲ್ಲ, ಹೋಗಿ ಓದ್ಕೋ.”

ಟೋಪಿ ಸರಿಮಾಡಿಕೊಂಡು ಟೈರು ಎಣಿಸಲು ತಿರುಗಿದರು. ಎಷ್ಟು ಕೋಪ ಬಂತೆಂದರೆ ಮನೆಗೆ ಬರುವ ದಾರಿಯುದ್ದಕ್ಕೂ ಬೈದೆ. ಈ ಊರಿನ ಗಂಡಸರಿಗೆ ಬಾಯಲ್ಲಿ ಒಂದು ಒಳ್ಳೆ ಮಾತು ಬಂದರೆ ಹಲ್ಲು ಉದುರುತ್ತದೆಯೇ? ಮನೆಗೆ ಬಂದು, ಕೈಕಾಲು ತೊಳೆದು, ಪುಸ್ತಕ ತೆಗೆದೆ.

ಮೇ 2, ಗುರುವಾರ. ಸಂಜೆ

ಹ್ರುಸ್ಕಾ ಅವರ ಐದನೇ ಭೇಟಿ, ಕೊನೆಯದು. ಯಾರೆಟ್ಸಿ ಬೋರ್ಡಿನ ಮುಂದೆ. ಅನುಪಾತದ ಲೆಕ್ಕ. ಅರ್ಧಕ್ಕೆ ಬಂದಾಗ ತಪ್ಪಿದಳು. ಸೂಪರ್‌ವೈಸರ್ ಕೂತಿದ್ದಾರೆ. ತಿದ್ದಲೇ? ನಾಲಿಗೆ ಕಚ್ಚಿಕೊಂಡು ನಿಂತೆ. ಯಾರೆಟ್ಸಿ ತಾನೇ ಎರಡು ಹೆಜ್ಜೆ ಹಿಂದೆ ಸರಿದು ಬೋರ್ಡು ನೋಡಿದಳು. ಆಮೇಲೆ ತನ್ನ ಕೈಯನ್ನು ಎತ್ತಿದಳು. ನನ್ನದಲ್ಲ, ಅವಳ ಕೈ! ಇಡೀ ಕ್ಲಾಸು ಗಪ್‌ಚಿಪ್. ಯೋಚಿಸಿದಳು, ಅಳಿಸಿದಳು, ಸರಿಯಾಗಿ ಬರೆದಳು, ಎಲ್ಲಿ ಎಡವಿದೆ ಅಂತ ಎಲ್ಲರಿಗೂ ಬಿಡಿಸಿ ಹೇಳಿದಳು. ದನಿ ಹಿಂದಿನ ಗೋಡೆಗೆ ಮುಟ್ಟುವಷ್ಟು ದೊಡ್ಡದಿತ್ತು.

ಹ್ರುಸ್ಕಾ ಇವತ್ತು ನಕ್ಷೆ ಬರೆಯಲಿಲ್ಲ. ಪೆನ್ನು ಕೆಳಗಿಟ್ಟು ಸುಮ್ಮನೆ ನೋಡುತ್ತಿದ್ದರು. ಹೋಗುವಾಗ ಕೋರ್ಸಿನ ಕಡೆಯ ಶಿಫಾರಸಿನ ಕಾಗದಕ್ಕೆ ಸಹಿ ಹಾಕಿದರು. ಪರೀಕ್ಷೆ ಪಾಸಾದರೆ ಇದು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ, ಗೊತ್ತಲ್ಲ ಅಂದರು. ಗೊತ್ತು. ಆದರೆ ಇವತ್ತಿನ ದಿನವನ್ನು ಯಾವ ಪರೀಕ್ಷೆಯೂ ನನ್ನ ಕೈಯಿಂದ ಕಿತ್ತುಕೊಳ್ಳಲಾರದು.

ಮೇ 11, ಶನಿವಾರ. ಸಂಜೆ

ಎರಡನೇ ಸಲ ಬರೆದೆ. ‘ಮೊದಲು ಏನು ಮಾಡಬೇಕು’ ಬಂದಾಗಲೆಲ್ಲ ಯಾರೆಟ್ಸಿಯನ್ನು ಮುಂದೆ ಕೂರಿಸಿಕೊಂಡೆ. ಇವಳಾಗಿದ್ದರೆ ಏನು ಮಾಡುತ್ತಿದ್ದೆ? ಅದನ್ನೇ ಗುರುತು ಹಾಕಿದೆ. ಸುಲಭ ಅಂತ ಈ ಸಲ ಅನ್ನುವುದಿಲ್ಲ.

ಮೇ 17, ಶುಕ್ರವಾರ. ಸಂಜೆ 5:30

256!

ಫೋನಿನಲ್ಲಿ ನೋಡಿ ಕಾರಿಡಾರಿನಲ್ಲಿ ಓಡಿದೆ. ಓಡಬೇಡಿ ಅಂತ ದಿನಾ ಮಕ್ಕಳಿಗೆ ಹೇಳುವವಳು. ಡೆಲ್ಫಿನಾ ನನಗಿಂತ ಜಾಸ್ತಿ ಅತ್ತಳು. ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆವತ್ತು, ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ನಾನು ಕೇಳಬೇಕಿತ್ತು ಮಗಳೇ ಅಂದೆ.

“ಈಗ ಕೇಳ್ತಿದೀರಲ್ಲ ಮಿಸ್, ಬೇರೆಯವರನ್ನ. ಸಾಕು.”

ಪ್ರಿನ್ಸಿಪಾಲರ ಶಿಫಾರಸೂ ಇವತ್ತೇ ಹೋಯಿತು. ಫ್ರಿಜ್ ಮೇಲಿನ ಪಟ್ಟಿಯಲ್ಲಿ ಗುರುತು ಹಾಕಲು ಇನ್ನು ಏನೂ ಉಳಿದಿಲ್ಲ.

ಜೂನ್ 6, ಗುರುವಾರ. ಬೆಳಗ್ಗೆ 11

ರಾಜ್ಯದ ವೆಬ್‌ಸೈಟಿನಲ್ಲಿ ಬಂತು. ‘ಇಂಟರ್ನ್’ ಅನ್ನುವ ಪದ ಹೋಗಿದೆ. ಲೈಬ್ರರಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಕೈ ತೊಳೆದುಕೊಂಡು ಬಂದು, ಏಪ್ರನ್‌ಗೆ ಒರೆಸಿಕೊಂಡು, ಕಾಗದ ಮುಟ್ಟದೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಓದು ಅಂದಳು.

ಅಮ್ಮನದು ಮೂರನೇ ಕ್ಲಾಸು, ಅದೂ ಅರ್ಧ. ಪ್ರತಿ ಏಪ್ರಿಲ್‌ನಲ್ಲಿ ಅವರಪ್ಪ ಲಾರಿ ಹತ್ತಿಸಿ ಉತ್ತರಕ್ಕೆ ಬೀಟ್‌ರೂಟ್ ಕೀಳಲು ಕರೆದುಕೊಂಡು ಹೋಗುತ್ತಿದ್ದರು. ವಾಪಸು ಬರುವಷ್ಟರಲ್ಲಿ ಕ್ಲಾಸು ಮುಂದೆ ಹೋಗಿರುತ್ತಿತ್ತು. ಒಂದು ವರ್ಷ ಇವಳು ಸ್ಕೂಲಿಗೆ ಹಿಂತಿರುಗಲೇ ಇಲ್ಲ. ಯಾರೂ ಹುಡುಕಿಕೊಂಡು ಬರಲೂ ಇಲ್ಲ.

ಓದಿದೆ. ಇಂಗ್ಲಿಷಿನಲ್ಲಿ ಒಂದು ಸಲ, ನಮ್ಮ ಸ್ಪ್ಯಾನಿಷ್ ಮಾತಿನಲ್ಲಿ ಒಂದು ಸಲ. ಟೆಕ್ಸಸ್ ರಾಜ್ಯವು ಎವುಲಾಲಿಯಾ ಬೊಕಾನೆಗ್ರಾ ಎಂಬವರನ್ನು ನಾಲ್ಕರಿಂದ ಎಂಟನೇ ತರಗತಿಯವರೆಗೆ ಗಣಿತ ಕಲಿಸಲು ಅರ್ಹ ಶಿಕ್ಷಕಿ ಎಂದು ಈ ಮೂಲಕ... ಹೀಗೆಲ್ಲ.

“ಇದರಲ್ಲಿ ಬಸ್ಸು ಅಂತ ಎಲ್ಲಾದ್ರೂ ಬರ್ದಿದಾರಾ?”

“ಇಲ್ಲಮ್ಮ. ಅದನ್ನ ಯಾಕೆ ಬರೀತಾರೆ?”

“ಬರೀಬೇಕಿತ್ತು. ಹತ್ತೊಂಬತ್ತು ವರ್ಷ ಕತ್ತಲಲ್ಲಿ ಎದ್ದು ಹೋದವಳು ನೀನು. ಅವರೇನು ಬಂದು ನೋಡಿದ್ರಾ? ನಾನು ನೋಡಿದೀನಿ.”

ಇನ್ನೊಂದು ಸಲ ಓದು ಅಂದಳು. ಓದಿದೆ. ಈ ಸಲ ನಡುವೆ ನಾನೇ ಒಂದು ಸಾಲು ಸೇರಿಸಿದೆ, ಅದೇ ಸರ್ಕಾರಿ ಗತ್ತಿನಲ್ಲಿ: ಸದರಿಯವರು ಹತ್ತೊಂಬತ್ತು ವರ್ಷ ಒಂಬತ್ತನೇ ನಂಬರಿನ ಬಸ್ಸನ್ನು ಓಡಿಸಿ, ಒಂದು ಮಗುವಿಗೂ ಗಾಯವಾಗದಂತೆ ಮನೆ ಮುಟ್ಟಿಸಿರುತ್ತಾರೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಹಾಂ, ಈಗ ಸರಿಯಾಗಿದೆ ಅಂದಳು. ಅವಳಿಗೆ ಗೊತ್ತು ನಾನು ಸೇರಿಸಿದ್ದು. ನನಗೂ ಗೊತ್ತು ಅವಳಿಗೆ ಗೊತ್ತೆಂದು.

ಚಿಕ್ಕಮ್ಮ ಚೋನಾ ಬಂದಳು ಅನ್ನಿಸುತ್ತದೆ, ಬಾಗಿಲು ಸದ್ದಾಯಿತು. ಅಮ್ಮ ಕೂಗುತ್ತಿದ್ದಾಳೆ. ಕಾಗದ ತೆಗೆದುಕೊಂಡು ಬರಬೇಕಂತೆ, ಮೊದಲಿನಿಂದ ಓದಬೇಕಂತೆ, ಆ ಬಸ್ಸಿನ ಸಾಲು ಮಾತ್ರ ಬಿಡಬಾರದಂ—